ಮುದ್ರೆ ಯಾರದು, ಕೈ ಯಾರದು?

ಆಗಮನ ಕಾಲದ ಮೊದಲನೆಯ ಭಾನುವಾರ ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ದೇವಾಲಯದ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದರು. ಕೈಯಲ್ಲಿ ಮೊಬೈಲ್ ಫೋನು. ಅದರಲ್ಲಿ ಮಗ ಜರ್ಮನಿಯಿಂದ ಕಳುಹಿಸಿದ್ದ ಒಂದು ಪತ್ರದ ಚಿತ್ರ. ಆ ಹುಡುಗ ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿ ಒಂದು ವರ್ಷ ಕಳೆದಿತ್ತು. ವಿದ್ಯಾರ್ಥಿನಿಲಯದಲ್ಲಿ ಅವನ ಹೆಸರಿಗಿದ್ದ ಅಂತರ್ಜಾಲ ಸಂಪರ್ಕದ ಮೂಲಕ ಒಂದು ಚಲನಚಿತ್ರವನ್ನು ಕಾನೂನಿಗೆ ವಿರುದ್ಧವಾಗಿ ಹಂಚಲಾಗಿದೆಯೆಂದೂ, ಆದಕಾರಣ ಸಂಪರ್ಕವನ್ನು ಕಡಿದುಹಾಕಲಾಗಿದೆಯೆಂದೂ, ಅವನು ಲಿಖಿತ ವಿವರಣೆ ಕೊಡಬೇಕೆಂದೂ ಆ ಪತ್ರ ತಿಳಿಸುತ್ತಿತ್ತು. ಜೊತೆಗೆ ಚಿತ್ರದ ಹಕ್ಕುದಾರರ ಪರವಾಗಿ ವಕೀಲರ ಕಚೇರಿಯೊಂದು ಕೆಲವು ನೂರು ಯೂರೋಗಳನ್ನು ಕೇಳಿತ್ತು. ತಾಯಿಯ ಮಾತಿನ ಪ್ರಕಾರ ಚಿತ್ರವನ್ನು ಇಳಿಸಿಕೊಂಡವನು ಮಗನಲ್ಲ, ಪಕ್ಕದ ಕೋಣೆಯ ಗೆಳೆಯ. ಮಗನು ಮಾಡಿದ್ದು ಇಷ್ಟೇ: ಗೆಳೆಯನು ಹೊಸದಾಗಿ ಬಂದಿಳಿದ ವಾರ, ಅವನಿಗೆ ನೋಂದಣಿ ಇನ್ನೂ ಆಗಿರದಿದ್ದಾಗ, ಊರಿಗೆ ಸುದ್ದಿ ತಿಳಿಸಲೆಂದು ತನ್ನ ಪಾಸ್‌ವರ್ಡನ್ನು ಅವನಿಗೆ ಕೊಟ್ಟಿದ್ದ.

"ನನ್ನ ಮಗ ನಿರಪರಾಧಿ ಎಂದು ಒಂದು ಪತ್ರ ಬರೆದುಕೊಡಿ ಫಾದರ್. ಚರ್ಚಿನ ಸೀಲು ಹಾಕಿ ಕೊಡಿ" ಎಂದು ಅವರು ಬೇಡಿಕೊಂಡರು. ವೀಸಾಕ್ಕೆ ಏನಾದರೂ ತೊಂದರೆಯಾದೀತೇ ಎಂಬ ಭಯ ಅವರ ಕಣ್ಣಲ್ಲಿತ್ತು. ಓದಿಗಾಗಿ ತೋಟದ ಒಂದು ಭಾಗವನ್ನು ಅಡವಿಟ್ಟಿರುವುದು ನನಗೂ ಗೊತ್ತಿತ್ತು.

ಪತ್ರ ಬರೆದುಕೊಡುವುದು ಧರ್ಮಕೇಂದ್ರದ ಗುರುವಿಗೆ ಹೊಸ ಕೆಲಸವಲ್ಲ. ಶಾಲೆಯ ಪ್ರವೇಶಕ್ಕೆ, ಬ್ಯಾಂಕಿನ ಸಾಲಕ್ಕೆ, ವಿವಾಹ ಸಂಬಂಧಕ್ಕೆ, ಗಲ್ಫ್ ದೇಶಗಳ ನೌಕರಿಗೆ ಎಷ್ಟೋ ಪತ್ರಗಳನ್ನು ಬರೆದಿದ್ದೇನೆ. ಕೆಲವನ್ನು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಹೆಚ್ಚು ವಿಚಾರಿಸದೆಯೇ ಬರೆದಿದ್ದೇನೆ. ಆದರೆ ಈ ಬಾರಿ ಲೇಖನಿ ಮುಂದೆ ಸಾಗಲಿಲ್ಲ. ಆ ಪತ್ರ ನನ್ನ ಮುಂದೆ ಇಟ್ಟದ್ದು ಒಂದು ವೀಸಾದ ಪ್ರಶ್ನೆಯನ್ನಲ್ಲ. ನನ್ನ ಹೆಸರಿನಲ್ಲಿ ಇನ್ನೊಬ್ಬನ ಕೈ ಮಾಡಿದ ತಪ್ಪಿಗೆ ನಾನು ಎಷ್ಟರ ಮಟ್ಟಿಗೆ ಹೊಣೆಗಾರ? ಪ್ರಿಯ ಓದುಗರೇ, ಇಂದು ನಿಮ್ಮಲ್ಲಿ ಬಹುತೇಕ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಸಮುದ್ರದಾಚೆಯೋ ಯಾವುದಾದರೊಂದು ವಿದ್ಯಾರ್ಥಿನಿಲಯದಲ್ಲಿ ಇದ್ದಾರೆ. ಅವರಿಗೆ ಈ ಪ್ರಶ್ನೆ ನಾಳೆ ಎದುರಾಗಬಹುದು. ಆದ್ದರಿಂದ ಇದನ್ನು ನಿಮ್ಮೊಡನೆ ಕುಳಿತು ಯೋಚಿಸಬೇಕೆನಿಸಿತು.

ಮೊದಲು, ಅಂತಹ ನಿಲಯದಲ್ಲಿ ಗಣಕಯಂತ್ರವೊಂದು ಅಂತರ್ಜಾಲಕ್ಕೆ ಸೇರುವ ಬಗೆಯನ್ನು ತಿಳಿಯಬೇಕು. ನಮ್ಮ ಮನೆಗಳಲ್ಲಿ ಸಂಪರ್ಕ ಬರುವುದು ಮನೆಯ ಯಜಮಾನನ ಹೆಸರಿಗೆ. ಒಳಗೆ ಯಾರು ಯಾವಾಗ ಬಳಸಿದರೆಂದು ಯಾರೂ ಲೆಕ್ಕವಿಡುವುದಿಲ್ಲ. ವಿಶ್ವವಿದ್ಯಾಲಯದ ನಿಲಯದಲ್ಲಿ ನೂರಾರು ಮಂದಿ ಒಂದೇ ಜಾಲದ ಮೇಲಿರುವುದರಿಂದ ಪ್ರತಿಯೊಬ್ಬನೂ ತನ್ನ ಹೆಸರನ್ನು ಕೊಟ್ಟೇ ಒಳಗೆ ಬರಬೇಕು. ಕೋಣೆಯ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ; ತಂತಿಯ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಯಂತ್ರಕ್ಕೆ. ಯಂತ್ರದೊಳಗಿನ ಜಾಲ ಸಂಪರ್ಕದ ಬಿಲ್ಲೆಗೆ ತಯಾರಕರೇ ಕೊಟ್ಟ 48 ಬಿಟ್‌ಗಳ ಒಂದು ಗುರುತು ಇರುತ್ತದೆ. ಬರೆದರೆ ಅದು 12 ಅಂಕಿ-ಅಕ್ಷರಗಳಾಗುತ್ತದೆ. ಅದನ್ನೂ, ವಿದ್ಯಾರ್ಥಿಯ ನೋಂದಣಿ ಸಂಖ್ಯೆಯನ್ನೂ ಒಂದು ಪಟ್ಟಿಯಲ್ಲಿ ಜೋಡಿಸಿಡುತ್ತಾರೆ. ಕೆಲವು ಕಡೆ ಇದರ ಬದಲು ಅಥವಾ ಇದರೊಡನೆ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಾರೆ. ಇಷ್ಟಾದ ಮೇಲೆ ಆ ಯಂತ್ರಕ್ಕೆ ಒಂದು ವಿಳಾಸ ಸಿಗುತ್ತದೆ. ಯಾವ ಗಳಿಗೆಯಲ್ಲಿ ಯಾವ ವಿಳಾಸ ಯಾರ ಹೆಸರಿಗಿತ್ತು ಎಂಬುದು ದಾಖಲೆಗೆ ಸೇರುತ್ತದೆ. ಇದಕ್ಕೆಲ್ಲ ಮೊದಲು ನಿಯಮಗಳ ಪತ್ರವೊಂದಕ್ಕೆ ಸಹಿ ಹಾಕಬೇಕು. ಖಾತೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂಬ ಮಾತು ಆ ಪತ್ರದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಹಿ ಹಾಕುವವರಲ್ಲಿ ಎಷ್ಟು ಮಂದಿ ಅದನ್ನು ಓದುತ್ತಾರೆಂಬುದನ್ನು ನಾನು ಕೇಳಹೋಗುವುದಿಲ್ಲ.

ಈ ತಂತಿಯ ವಿದ್ಯೆ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಅದನ್ನು ರೂಪಿಸಿದರು. ಹಳೆಯ ಭೌತಶಾಸ್ತ್ರಜ್ಞರು ಬೆಳಕು ಚಲಿಸಲು ಆಧಾರವೆಂದು ಊಹಿಸಿದ್ದ 'ಈಥರ್' ಎಂಬ ಅದೃಶ್ಯ ದ್ರವ್ಯದ ಹೆಸರನ್ನೇ ತೆಗೆದುಕೊಂಡು ಅದಕ್ಕೆ ಈಥರ್‌ನೆಟ್ ಎಂದು ಕರೆದರು. ಮೊದಲ ದಿನಗಳಲ್ಲಿ ಎಲ್ಲ ಯಂತ್ರಗಳೂ ಒಂದೇ ತಂತಿಗೆ ಜೋತುಕೊಂಡಿದ್ದವು; ಒಂದು ನುಡಿದದ್ದು ಎಲ್ಲಕ್ಕೂ ಕೇಳುತ್ತಿತ್ತು, ತನ್ನ ಹೆಸರಿಗೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳುವುದು ಯಂತ್ರದ ಸೌಜನ್ಯವಾಗಿತ್ತು. ನಮ್ಮ ಹಳ್ಳಿಗಳ ವಠಾರದ ಬದುಕು ನೆನಪಾಗುತ್ತದೆ, ಅಲ್ಲವೇ?

ಜರ್ಮನಿಯಲ್ಲಿ ನನ್ನ ಮನಸ್ಸನ್ನು ಸೆಳೆದ ಒಂದು ವಿಶೇಷವಿದೆ. ಅಲ್ಲಿಯ ಎಷ್ಟೋ ನಿಲಯಗಳಲ್ಲಿ ಜಾಲವನ್ನು ನಡೆಸುವವರು ಸಂಬಳದ ಸಿಬ್ಬಂದಿಯಲ್ಲ, ಅಲ್ಲಿಯೇ ವಾಸಿಸುವ ವಿದ್ಯಾರ್ಥಿಗಳು. ಸ್ಟುಟ್‌ಗಾರ್ಟ್‌ನಲ್ಲಿ ಸೆಲ್ಫ್‌ನೆಟ್, ಮ್ಯೂನಿಕ್‌ನ ವಿದ್ಯಾರ್ಥಿನಗರದಲ್ಲಿ ಸ್ಟುಸ್ಟಾನೆಟ್ ಎಂಬ ಸಂಘಗಳು ಹೀಗೆ ಸ್ವಯಂಸೇವೆಯಿಂದಲೇ ನಡೆಯುತ್ತವೆ. ತಂತಿ ಎಳೆಯುವವನೂ, ಸದಸ್ಯತ್ವ ಬರೆದುಕೊಳ್ಳುವವನೂ, ದೂರು ಬಂದಾಗ ಸಂಪರ್ಕ ಕಡಿಯುವವನೂ ಪಕ್ಕದ ಕೋಣೆಯ ಹುಡುಗನೇ ಆಗಿರಬಹುದು. ನಮ್ಮ ಹುಡುಗನ ನಿಲಯವೂ ಅಂಥದೇ. ಆ ಪತ್ರಕ್ಕೆ ಸಹಿ ಹಾಕಿದವನು ಯಾವನೋ ಅಧಿಕಾರಿಯಲ್ಲ, ಇಪ್ಪತ್ತಮೂರು ವರ್ಷದ ಇನ್ನೊಬ್ಬ ವಿದ್ಯಾರ್ಥಿ.

ಈಗ ಪ್ರಶ್ನೆಗೆ ಬರೋಣ. ದಾಖಲೆಯಲ್ಲಿರುವುದು ಒಂದು ಹೆಸರು, ಒಂದು ಗಳಿಗೆ. ಆ ಗಳಿಗೆಯಲ್ಲಿ ಕೀಲಿಮಣೆಯ ಮೇಲಿದ್ದ ಬೆರಳುಗಳು ಯಾರವು ಎಂಬುದು ಅದರಲ್ಲಿಲ್ಲ. ಬಿಲ್ಲೆಯ ಗುರುತನ್ನು ಬೇರೆಯಾಗಿ ತೋರಿಸಬಹುದು. ಇಂದಿನ ಫೋನುಗಳಂತೂ ಅದನ್ನು ತಾವಾಗಿಯೇ ಮಾಡುತ್ತವೆ. ಪಾಸ್‌ವರ್ಡನ್ನು ಕೊಡಬಹುದು, ಕದಿಯಬಹುದು, ಭುಜದ ಮೇಲಿಂದ ನೋಡಬಹುದು. ಇದು ಹೊಸ ಸಮಸ್ಯೆಯಂತೆ ಕಂಡರೂ ಪವಿತ್ರ ಬೈಬಲಿಗೆ ಹೊಸತಲ್ಲ. ಒಂದನೆಯ ಅರಸುಗಳ ಗ್ರಂಥದ 21ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ನಾಬೋತನ ದ್ರಾಕ್ಷಿತೋಟ ಸಿಗಲಿಲ್ಲವೆಂದು ಅರಸ ಅಹಾಬನು ಊಟ ಬಿಟ್ಟು ಮುಖ ತಿರುಗಿಸಿ ಮಲಗುತ್ತಾನೆ. ಅವನ ಪತ್ನಿ ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರಗಳನ್ನು ಬರೆದು, ಅರಸನ ಮುದ್ರೆಯನ್ನೇ ಒತ್ತಿ, ಊರಿನ ಹಿರಿಯರಿಗೆ ಕಳುಹಿಸುತ್ತಾಳೆ. ಸುಳ್ಳು ಸಾಕ್ಷಿಗಳು ಎದ್ದು ನಿಲ್ಲುತ್ತವೆ. ನಾಬೋತನು ಕಲ್ಲೇಟಿಗೆ ಬಲಿಯಾಗುತ್ತಾನೆ. ಆ ಪತ್ರಗಳಲ್ಲಿ ಅಹಾಬನ ಕೈಬರಹದ ಒಂದಕ್ಷರವೂ ಇಲ್ಲ. ಆದರೂ ಪ್ರವಾದಿ ಎಲೀಯನು ನೇರವಾಗಿ ಹೋಗಿ ನಿಲ್ಲುವುದು ಅಹಾಬನ ಮುಂದೆ, ಕೊಂದವನೂ ಕಬಳಿಸಿದವನೂ ನೀನೇ ಎಂಬ ಆರೋಪದೊಡನೆ.

ಗುರುಮಠದಲ್ಲಿ ಈ ಭಾಗವನ್ನು ಓದಿದಾಗ ನನಗೆ ಅದು ಕಠಿಣವೆನಿಸಿರಲಿಲ್ಲ. ಅಹಾಬನು ಮುದ್ರೆಯನ್ನು ಕಳೆದುಕೊಂಡವನಲ್ಲ. ತನ್ನ ಮುದ್ರೆ ಯಾರ ಕೈಯಲ್ಲಿದೆ, ಆ ಕೈ ಎಂಥದು ಎಂಬುದು ಅವನಿಗೆ ಗೊತ್ತಿತ್ತು. ತೋಟ ಕೈಸೇರಿದಾಗ ಹೇಗೆ ಬಂತೆಂದು ಕೇಳದೆ ಎದ್ದು ಹೋಗಿ ಸ್ವಾಧೀನಪಡಿಸಿಕೊಂಡ. ಕೇಳದಿರುವುದರಲ್ಲಿ ಅವನಿಗೆ ಲಾಭವಿತ್ತು. ನಮ್ಮ ಹುಡುಗನು ಅಹಾಬನಲ್ಲ. ಅವನಿಗೆ ಚಲನಚಿತ್ರದಿಂದ ಯಾವ ತೋಟವೂ ದಕ್ಕಲಿಲ್ಲ. ಹಾಗಾದರೆ ಅವನೇನು?

ನ್ಯಾಯಾಲಯಗಳೂ ಈ ಪ್ರಶ್ನೆಯೊಡನೆ ಹೆಣಗಾಡಿವೆ. 2010ರ ಮೇ 12ರಂದು ಕಾರ್ಲ್ಸ್‌ರೂಹೆಯಲ್ಲಿರುವ ಜರ್ಮನಿಯ ಉನ್ನತ ನ್ಯಾಯಾಲಯ ಇಂತಹುದೇ ಒಂದು ಪ್ರಕರಣದಲ್ಲಿ ತೀರ್ಪಿತ್ತಿತು. ಒಬ್ಬನ ಮನೆಯ ವೈಫೈ ಸಂಪರ್ಕದಿಂದ ಒಂದು ಹಾಡು ಅಂತರ್ಜಾಲದಲ್ಲಿ ಹಂಚಲ್ಪಟ್ಟಿತ್ತು. ಆ ಸಮಯದಲ್ಲಿ ಅವನು ರಜೆಯ ಮೇಲೆ ಊರಿನಲ್ಲೇ ಇರಲಿಲ್ಲ. ಆದರೆ ಯಂತ್ರವನ್ನು ಚಾಲನೆಯಲ್ಲೇ ಬಿಟ್ಟು ಹೋಗಿದ್ದ. ಕೊಂಡಾಗ ಇದ್ದ ಗುಪ್ತಪದವನ್ನೂ ಬದಲಿಸಿರಲಿಲ್ಲ. ನ್ಯಾಯಾಲಯ ಅವನನ್ನು ಕಳ್ಳನೆಂದು ಕರೆಯಲಿಲ್ಲ, ನಷ್ಟಪರಿಹಾರವನ್ನೂ ಹೊರಿಸಲಿಲ್ಲ. ಆದರೆ ಬಾಗಿಲನ್ನು ಸರಿಯಾಗಿ ಹಾಕದೆ ಹೋದವನು ಅದರ ಮೂಲಕ ನಡೆದ ತಪ್ಪನ್ನು ಮುಂದೆ ತಡೆಯುವ ಹೊಣೆಯಿಂದ ತಪ್ಪಿಸಿಕೊಳ್ಳಲಾರನೆಂದಿತು. ಈ ಹೊಣೆಯ ಭಯಕ್ಕೆ ಹೋಟೆಲುಗಳೂ ಅಂಗಡಿಗಳೂ ಅತಿಥಿಗಳಿಗೆ ವೈಫೈ ಕೊಡಲು ಹಿಂಜರಿಯುವಂತಾಯಿತು. 2017ರಲ್ಲಿ ಅಲ್ಲಿಯ ಸಂಸತ್ತು ಕಾನೂನನ್ನು ತಿದ್ದಿ, ಸಂಪರ್ಕ ಒದಗಿಸುವವರ ಮೇಲಿನ ಭಾರವನ್ನು ಬಹುಮಟ್ಟಿಗೆ ಇಳಿಸಿತು. ಕಾನೂನು ಹೀಗೆ ಅತ್ತಿತ್ತ ಹೊರಳುತ್ತದೆ. ಆದರೆ 2010ರ ತೀರ್ಪು ಮಾಡಿದ ವಿಂಗಡಣೆ, ಅಂದರೆ ಕೃತ್ಯದ ಅಪರಾಧ ಬೇರೆ, ಬಾಗಿಲಿನ ಹೊಣೆ ಬೇರೆ ಎಂಬುದು, ನನಗೆ ಬಹಳ ಹಳೆಯ ಪರಿಚಯದಂತೆ ಕಂಡಿತು.

ಎಲ್ಲಿಯ ಪರಿಚಯವೆಂದರೆ ವಿಮೋಚನಾಕಾಂಡದ 21ನೆಯ ಅಧ್ಯಾಯದ್ದು. ಗುಂಡಿ ತೋಡಿ ಮುಚ್ಚದೆ ಬಿಟ್ಟವನ ವಿಷಯ ಅಲ್ಲಿದೆ. ನೆರೆಯವನ ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ ಗುಂಡಿಯವನು ಬೆಲೆ ತೆರಬೇಕು. ಸತ್ತ ಪಶು ಅವನದಾಗುತ್ತದೆ. ಅವನನ್ನು ಎತ್ತನ್ನು ಕೊಂದವನೆಂದು ಯಾರೂ ಕರೆಯುವುದಿಲ್ಲ. ಅದೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಮಾತೂ ಇದೆ. ಎತ್ತು ಹಾಯುತ್ತದೆಂದು ಮೊದಲೇ ಎಚ್ಚರಿಸಿದ್ದರೂ ಕಟ್ಟಿಹಾಕದವನ ಮೇಲಿನ ಹೊರೆ, ಎಚ್ಚರಿಕೆ ಸಿಗದವನ ಹೊರೆಗಿಂತ ಎಷ್ಟೋ ಪಾಲು ಹೆಚ್ಚು. ಬಾಗಿಲು ತೆರೆದಿಟ್ಟದ್ದಷ್ಟೇ ಅಲ್ಲ, ಏನು ಗೊತ್ತಿದ್ದು ತೆರೆದಿಟ್ಟೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದನಕರು ಸಾಕುವ ಜನರಿಗಾಗಿ ಬರೆದ ಕಟ್ಟಳೆಯಲ್ಲಿ ಇಷ್ಟು ಸೂಕ್ಷ್ಮ ವಿವೇಚನೆ ಇರುವುದನ್ನು ಕಂಡಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ನಮ್ಮ ನೈತಿಕ ದೈವಶಾಸ್ತ್ರವೂ ಇದೇ ಜಾಡಿನಲ್ಲಿ ನಡೆದಿದೆ. ಯಜಮಾನನ ದುಷ್ಕೃತ್ಯಕ್ಕೆ ಏಣಿ ಹಿಡಿದ, ಕಿಟಕಿ ತೆರೆದ ಸೇವಕನ ಪಾಪವೆಷ್ಟು ಎಂಬುದು 17ನೆಯ ಶತಮಾನದ ಪಂಡಿತರ ಮೆಚ್ಚಿನ ಚರ್ಚೆ. ಹೊಟ್ಟೆಪಾಡಿಗಾಗಿ ಮಾಡಿದನೆಂದು ಆ ಸೇವಕನನ್ನು ಸುಲಭವಾಗಿ ಬಿಟ್ಟುಬಿಡುತ್ತಿದ್ದ ಅಭಿಪ್ರಾಯವೊಂದನ್ನು 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ಖಂಡಿಸಿದರು. ಮುಂದಿನ ಶತಮಾನದಲ್ಲಿ ಸಂತ ಅಲ್ಫೋನ್ಸ್ ಲಿಗೋರಿಯವರು ಗೆರೆಯನ್ನು ಸ್ಪಷ್ಟವಾಗಿ ಎಳೆದರು: ಇನ್ನೊಬ್ಬನ ಕೆಟ್ಟ ಸಂಕಲ್ಪದಲ್ಲೇ ಪಾಲುಗೊಳ್ಳುವುದು ಒಂದು, ಸಂಕಲ್ಪದಲ್ಲಿ ಪಾಲಿಲ್ಲದೆ, ತನ್ನ ವಸ್ತುವೋ ಕೆಲಸವೋ ಅವನ ಉಪಯೋಗಕ್ಕೆ ಒದಗಿಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಕ್ಷಮೆಯ ಹೊರತು ದಾರಿಯಿಲ್ಲ. ಎರಡನೆಯದನ್ನು ತೂಗಿ ನೋಡಬೇಕು: ಕಾರಣವೆಷ್ಟು ಗಂಭೀರ, ಕೇಡು ಎಷ್ಟು ಹತ್ತಿರ, ತಡೆಯುವ ದಾರಿಯಿತ್ತೇ? ಹೊಸ ಊರಿಗೆ ಬಂದಿಳಿದ ಗೆಳೆಯನು ತಾಯಿಗೆ 'ತಲುಪಿದೆ' ಎಂದು ತಿಳಿಸಲಿ ಎಂದು ಪಾಸ್‌ವರ್ಡ್ ಕೊಟ್ಟದ್ದರಲ್ಲಿ, ಸಹಿ ಮಾಡಿದ ಮಾತು ಮುರಿದದ್ದು ನಿಜವಾದರೂ, ನಾನು ಕರುಣೆಯನ್ನೇ ಹೆಚ್ಚು ಕಾಣುತ್ತೇನೆ. ಆದರೆ ಗೆಳೆಯನಿಗೆ ಸ್ವಂತ ಖಾತೆ ಬಂದ ಮೇಲೂ ತಿಂಗಳುಗಟ್ಟಲೆ ಅದನ್ನು ಬದಲಿಸದೆ ಬಿಟ್ಟದ್ದು? ಅಷ್ಟು ಹೊತ್ತಿಗೆ ಕರುಣೆಯ ಕೆಲಸ ಮುಗಿದಿತ್ತು. ಉಳಿದದ್ದು ತೆರೆದ ಗುಂಡಿ.

(ಇಲ್ಲೊಂದು ಮಾತನ್ನು ತಂದೆತಾಯಿಗಳ ತಿಳಿವಳಿಕೆಗೆ ಹೇಳಬೇಕು. "ನೋಡಿದ್ದಷ್ಟೇ, ಹಂಚಲಿಲ್ಲ" ಎಂದು ಮಕ್ಕಳು ಹೇಳುವುದುಂಟು. ಬಿಟ್‌ಟೊರೆಂಟ್ ಎಂಬ ವಿಧಾನದಲ್ಲಿ, ಅದು 2001ರಲ್ಲಿ ಬಳಕೆಗೆ ಬಂತು, ಕಡತದ ತುಣುಕುಗಳನ್ನು ಇಳಿಸಿಕೊಳ್ಳುತ್ತಿರುವಾಗಲೇ ನಿಮ್ಮ ಯಂತ್ರ ಅವನ್ನು ಇತರರಿಗೂ ಕೊಡುತ್ತಿರುತ್ತದೆ. ಆದ್ದರಿಂದ ಇಳಿಸಿಕೊಂಡವನು ಕಾನೂನಿನ ಕಣ್ಣಿಗೆ ಹಂಚಿದವನೂ ಆಗುತ್ತಾನೆ. ಹಕ್ಕುದಾರರ ಪತ್ರ ಹುಡುಕಿಕೊಂಡು ಬರುವುದು ಈ ಕಾರಣಕ್ಕೆ.)

ಇಷ್ಟನ್ನು ನಾನು ಮೇಜಿನ ಮುಂದೆ ಕುಳಿತು ನಿಶ್ಚಿಂತೆಯಿಂದ ತೂಗಬಲ್ಲೆ. ಆದರೆ ತಕ್ಕಡಿಯನ್ನು ನಾನೇ ಕೈಯಲ್ಲಿ ಹಿಡಿದಿದ್ದ ಒಂದು ಕಾಲವಿತ್ತು. ಅದನ್ನು ಹೇಳದೆ ಈ ಲೇಖನವನ್ನು ಮುಂದುವರಿಸಿದರೆ ನಾನು ಪ್ರಾಮಾಣಿಕನಾಗಲಾರೆ.

2006ರಲ್ಲಿ ನಾನು ಒಂದು ಕಾಲೇಜಿನ ವಿದ್ಯಾರ್ಥಿನಿಲಯದ ಮೇಲ್ವಿಚಾರಕನಾಗಿದ್ದೆ. ಬ್ರಾಡ್‌ಬ್ಯಾಂಡ್ ಸಂಪರ್ಕ ನಮ್ಮ ಊರುಗಳಿಗೆ ಆಗತಾನೇ ಕಾಲಿಡುತ್ತಿದ್ದ ದಿನಗಳು. ಎಂಟು ಗಣಕಯಂತ್ರಗಳನ್ನು ಒಂದು ಕೊಠಡಿಯಲ್ಲಿಟ್ಟು, ಪ್ರತಿ ವಿದ್ಯಾರ್ಥಿಗೂ ಹೆಸರು, ಪಾಸ್‌ವರ್ಡ್ ಕೊಟ್ಟು, ಯಾರು ಯಾವಾಗ ಒಳಗೆ ಬಂದರೆಂಬ ದಾಖಲೆ ತಾನಾಗಿ ಮೂಡುವಂತೆ ಮಾಡಿಸಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಅಂತರ್ಜಾಲದಲ್ಲಿನ ನೈತಿಕತೆಯನ್ನು ಕುರಿತು ವ್ಯಾಟಿಕನ್ 2002ರ ಫೆಬ್ರವರಿಯಲ್ಲಿ ಹೊರಡಿಸಿದ ದಸ್ತಾವೇಜನ್ನು ಓದಿ ಹುಡುಗರಿಗೆ ಅದರ ಮೇಲೆ ಒಂದು ಉಪನ್ಯಾಸವನ್ನೂ ಕೊಟ್ಟಿದ್ದೆ. ಒಂದು ದಿನ ಕಾಲೇಜಿನ ಉಪನ್ಯಾಸಕಿಯೊಬ್ಬರಿಗೆ ಅತ್ಯಂತ ಅಸಭ್ಯವಾದ ಮಿಂಚಂಚೆಯೊಂದು ಬಂತು. ಹುಡುಕಿದಾಗ ಅದು ಹೋದದ್ದು ನಮ್ಮ ಕೊಠಡಿಯಿಂದಲೇ. ರಾತ್ರಿ 9 ಗಂಟೆ 40 ನಿಮಿಷಕ್ಕೆ ಆ ಯಂತ್ರದಲ್ಲಿ ಒಳಗಿದ್ದ ಹೆಸರು ಎರಡನೆಯ ವರ್ಷದ ಒಬ್ಬ ಹುಡುಗನದು.

ಅವನನ್ನು ಕರೆಸಿದೆ. "ನಾನಲ್ಲ ಫಾದರ್" ಎಂದ. "ನಿನ್ನ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?" ಎಂದು ಕೇಳಿದೆ. ತಲೆ ತಗ್ಗಿಸಿದ. ಮೂರು ಬಾರಿ ಕೇಳಿದೆ. ಮೂರು ಬಾರಿಯೂ ಮೌನ. ಆ ಮೌನವನ್ನು ನಾನು ತಪ್ಪೊಪ್ಪಿಗೆಯೆಂದು ಓದಿದೆ. ಮರುದಿನ ಅವನ ತಂದೆ ಬಂದರು. ತೋಟದ ಕೆಲಸದ ಮೇಸ್ತ್ರಿ. ಕೈಮುಗಿದು ನಿಂತರು. ಅವರಿಗೆ ಆ ದಾಖಲೆಯ ಪ್ರತಿಯನ್ನು ತೋರಿಸಿದೆ. ಅವರಿಗೆ ಓದಲು ಬಾರದ ಭಾಷೆಯಲ್ಲಿದ್ದ ಆ ಕಾಗದವನ್ನು ಅವರು ಎರಡು ಕೈಗಳಲ್ಲಿ ಹಿಡಿದು ನೋಡಿ, ಮರಳಿಸಿ, ಮಗನ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಹೋದರು. ಉಳಿದ ವರ್ಷವಿಡೀ ಆ ಹುಡುಗ ದಿನವೂ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬಂದ. ನನ್ನನ್ನು ಕಂಡಾಗ ನಮಸ್ಕರಿಸುತ್ತಿದ್ದ. ಅದನ್ನು ಸೋಗು ಎಂದುಕೊಂಡೆ.

ಹನ್ನೊಂದು ವರ್ಷಗಳ ಬಳಿಕ ಒಂದು ಮದುವೆಯ ಊಟದಲ್ಲಿ ಆ ಕಾಲದ ಇನ್ನೊಬ್ಬ ವಿದ್ಯಾರ್ಥಿ ನನ್ನ ಪಕ್ಕದಲ್ಲಿ ಕುಳಿತು, ಎಲೆಯ ಮೇಲಿನ ಅನ್ನವನ್ನು ಮುಟ್ಟದೆ, "ಆ ಮಿಂಚಂಚೆ ಕಳುಹಿಸಿದವನು ನಾನು" ಎಂದ. (ಪಾಪನಿವೇದನೆಯಲ್ಲಿ ಹೇಳಿದ್ದರೆ ಇದನ್ನು ಬರೆಯುವ ಅಧಿಕಾರವೇ ನನಗಿರುತ್ತಿರಲಿಲ್ಲ; ಹೇಳಿದ್ದು ಊಟದ ಪಂಕ್ತಿಯಲ್ಲಿ, ಬರೆಯಬಹುದೆಂದು ಅವನು ಮುಂದೆ ಒಪ್ಪಿಗೆಯನ್ನೂ ಕೊಟ್ಟ.) ಪರೀಕ್ಷೆಯ ಫಲಿತಾಂಶ ನೋಡಲೆಂದು ಗೆಳೆಯನ ಪಾಸ್‌ವರ್ಡನ್ನು ಪಡೆದಿದ್ದನಂತೆ. ನಾನು ಏನು ಹೇಳಿದೆನೋ ನೆನಪಿಲ್ಲ. ಒಂದು ತಿಂಗಳ ನಂತರ ವಿಳಾಸ ಹುಡುಕಿಕೊಂಡು ಆ ಮೊದಲ ಹುಡುಗನ ಮನೆಗೆ ಹೋದೆ. ಅವನು ಈಗ ಒಂದು ಸಣ್ಣ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿದ್ದಾನೆ; ತಂದೆ ತೀರಿಕೊಂಡಿದ್ದರು. ಕಾಫಿ ಕೊಟ್ಟ. ನಾನು ಕ್ಷಮೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ನೀವು ಯಾರು ಯಾರು ಎಂದು ಮಾತ್ರ ಕೇಳಿದಿರಿ ಫಾದರ್. ಏನಾಯಿತು ಎಂದು ಕೇಳಿದ್ದರೆ ಹೇಳುತ್ತಿದ್ದೆನೇನೋ" ಎಂದ. ನಂತರ, "ಅಪ್ಪ ಕೊನೆಯವರೆಗೂ ಆ ಕಾಗದವನ್ನೇ ನಂಬಿದ್ದರು" ಎಂದ.

ನನ್ನ ತಪ್ಪು ಎಲ್ಲಿತ್ತೆಂದು ಅಂದಿನಿಂದ ಅನೇಕ ಬಾರಿ ಯೋಚಿಸಿದ್ದೇನೆ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ದೋಷಿಯೆಂದು ತೀರ್ಮಾನಿಸಬಾರದು ಎಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿದೆ. ಯಂತ್ರದ ದಾಖಲೆ ಒಬ್ಬ ಸಾಕ್ಷಿ. ಅದು ಸುಳ್ಳು ಹೇಳುವುದಿಲ್ಲ ಎಂಬುದೇ ನನ್ನನ್ನು ಕುರುಡನನ್ನಾಗಿಸಿತು. ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಕಥೆಯನ್ನು ನೀವು ಕೇಳಿದ್ದೀರಿ. ಇಬ್ಬರು ಹಿರಿಯರ ಸಾಕ್ಷ್ಯವನ್ನು ನಂಬಿ ಊರೆಲ್ಲ ಆಕೆಯನ್ನು ಕೊಲ್ಲಲು ಹೊರಟಿದ್ದಾಗ ತರುಣ ದಾನಿಯೇಲನು ಅವರಿಬ್ಬರನ್ನು ಬೇರೆಬೇರೆಯಾಗಿಸಿ, ಅದು ನಡೆದದ್ದು ಯಾವ ಮರದ ಕೆಳಗೆ ಎಂದು ಕೇಳುತ್ತಾನೆ. ಮನುಷ್ಯ ಸಾಕ್ಷಿಯನ್ನು ಹೀಗೆ ಕೆದಕಬಹುದು. ಯಂತ್ರ ತನಗೆ ಗೊತ್ತಿರುವ ಒಂದೇ ಮಾತನ್ನು ಹೇಳಿ ಸುಮ್ಮನಾಗುತ್ತದೆ; ಉಳಿದುದನ್ನು ಕೆದಕಬೇಕಾದವನು ನಾನು. ಕೋಪ ಬಂದಿತ್ತು, ಪ್ರಾಂಶುಪಾಲರು ಉತ್ತರ ಕೇಳುತ್ತಿದ್ದರು, ಕಾಗದ ಕೈಯಲ್ಲಿತ್ತು. ಆ ಹುಡುಗನ ಬಳಿಯಿದ್ದದ್ದು ಮುಚ್ಚದ ಗುಂಡಿಯ ಹೊಣೆ ಮಾತ್ರ. ನಾನು ಅವನ ತಲೆಯ ಮೇಲೆ ಹೊರಿಸಿದ್ದು ಕೃತ್ಯದ ಅಪರಾಧ.

"ಹಾಗಿದ್ದರೆ ಬಾಗಿಲನ್ನೇ ಮುಚ್ಚಿಬಿಡಬಾರದೇ?" ಎಂದು ಕೆಲವು ತಂದೆತಾಯಿಗಳು ಕೇಳುತ್ತಾರೆ. ಆ ಪ್ರಯೋಗಗಳೂ ನಡೆದಿವೆ. 2007ರಲ್ಲಿ ಮುಂಬೈಯ ಐಐಟಿ ತನ್ನ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ 11ರಿಂದ ಮರುದಿನ ಮಧ್ಯಾಹ್ನದವರೆಗೆ ಅಂತರ್ಜಾಲವನ್ನು ನಿಲ್ಲಿಸಿತು. ಹುಡುಗರು ರಾತ್ರಿಯಿಡೀ ಎಚ್ಚರವಿದ್ದು ತರಗತಿಗೆ ಬಾರದೆ, ಒಬ್ಬರೊಡನೊಬ್ಬರು ಮಾತನಾಡದೆ ಒಂಟಿಗಳಾಗುತ್ತಿದ್ದಾರೆಂಬುದು ಹಿರಿಯರ ಅಳಲಾಗಿತ್ತು. ಅಳಲಿನಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ನಿಲಯದಲ್ಲಿ ಸಂಜೆ 6ರಿಂದ 10ರವರೆಗೆ ಫೋನುಗಳನ್ನು ಒಪ್ಪಿಸಬೇಕೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಗೆ ಹಾಕಲಾಯಿತು. 2019ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಹೈಕೋರ್ಟು, ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಾನು ಮೇಲ್ವಿಚಾರಕನಾಗಿದ್ದ ಕಾಲದಲ್ಲಾದರೆ ಆ ತೀರ್ಪು ನನಗೆ ಕೋಪ ತರಿಸುತ್ತಿತ್ತು. ಇಂದು ಹಾಗನ್ನಿಸುವುದಿಲ್ಲ. ಬಾಗಿಲಿಲ್ಲದ ಕೋಣೆಯಲ್ಲಿ ಬೆಳೆದವನಿಗೆ ಬಾಗಿಲು ಹಾಕುವ ಅಭ್ಯಾಸ ಎಲ್ಲಿಂದ ಬರಬೇಕು? 2025ರಲ್ಲಿ ಸಂತ ಪದವಿಗೇರಿದ ಕಾರ್ಲೊ ಅಕುತಿಸ್‌ನನ್ನು ನಮ್ಮ ಯುವಜನರಿಗೆ ತೋರಿಸುತ್ತೇವಲ್ಲ, ಗಣಕಯಂತ್ರದಲ್ಲಿ ಪಳಗಿದ್ದ ಆ ಬಾಲಕ ವಿಡಿಯೋ ಆಟಗಳಿಗೆ ವಾರಕ್ಕೆ ಒಂದು ತಾಸಿನ ಮಿತಿ ಹಾಕಿಕೊಂಡಿದ್ದನೆಂದು ಹೇಳುತ್ತಾರೆ. ಹಾಕಿಕೊಂಡಿದ್ದ ಎಂಬುದು ಮುಖ್ಯ, ಹಾಕಿಸಿಕೊಂಡಿದ್ದ ಎಂದಲ್ಲ.

ಜರ್ಮನಿಯ ಹುಡುಗನೊಡನೆ ನಾನು ಫೋನಿನಲ್ಲಿ ಮಾತನಾಡಿದೆ. ಯಾರು ಎಂದು ಕೇಳಲಿಲ್ಲ. ಏನಾಯಿತು ಎಂದು ಕೇಳಿದೆ. ಎಲ್ಲವನ್ನೂ ಹೇಳಿದ. ಗೆಳೆಯನ ಹೆಸರನ್ನು ವಿವರಣೆಯಲ್ಲಿ ಬರೆಯಬೇಕೇ ಬೇಡವೇ ಎಂಬುದು ಅವನನ್ನು ಕಾಡುತ್ತಿದ್ದ ಪ್ರಶ್ನೆ. ಬರೆದರೆ ದ್ರೋಹ, ಬರೆಯದಿದ್ದರೆ ತನ್ನ ತಂದೆತಾಯಿಯ ಹಣ. ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹಾಕಿಕೊಟ್ಟ ಕ್ರಮವನ್ನು ನೆನಪಿಸಿದೆ: ತಪ್ಪಿದ ಸೋದರನ ಬಳಿಗೆ ಮೊದಲು ಒಂಟಿಯಾಗಿ ಹೋಗಬೇಕು. ಮೂರನೆಯವರ ಮುಂದೆ ಹೆಸರೆತ್ತುವುದು ಆಮೇಲಿನ ಮಾತು. "ಅವನು ಒಪ್ಪದಿದ್ದರೆ?" ಎಂದ. ಒಪ್ಪದಿದ್ದರೂ ಸುಳ್ಳು ಬರೆಯಬೇಡ, ನೀನು ಪಾಸ್‌ವರ್ಡ್ ಕೊಟ್ಟದ್ದನ್ನು ಮೊದಲ ಸಾಲಿನಲ್ಲೇ ಬರೆ ಎಂದೆ. ಅದಕ್ಕಿಂತ ಹೆಚ್ಚಿನ ಸಲಹೆ ನನ್ನಲ್ಲಿರಲಿಲ್ಲ.

ನನ್ನ ಪತ್ರವನ್ನೂ ಬರೆದೆ. ಈ ಕುಟುಂಬವನ್ನು ಆರು ವರ್ಷಗಳಿಂದ ಬಲ್ಲೆನೆಂದೂ, ಈ ಯುವಕನು ನನ್ನೊಡನೆ ಸತ್ಯವನ್ನೇ ಹೇಳಿದ್ದಾನೆಂದು ನಂಬಿದ್ದೇನೆಂದೂ ಬರೆದೆ. ತನ್ನ ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನೂ, ಬದಲಿಸದೆ ಬಿಟ್ಟದ್ದನ್ನೂ ಅವನು ಒಪ್ಪಿಕೊಂಡಿದ್ದಾನೆ, ಅದು ಅವನ ತಪ್ಪು ಎಂದು ಬರೆದೆ. ಚಿತ್ರವನ್ನು ಇಳಿಸಿಕೊಂಡ ಕೈ ಯಾರದೆಂದು ನಾನು ಕಣ್ಣಾರೆ ಕಂಡವನಲ್ಲ; ತೀರ್ಮಾನಕ್ಕೆ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕೆಂದು ಮಾತ್ರ ಕೋರುತ್ತೇನೆ ಎಂದು ಮುಗಿಸಿ, ಧರ್ಮಕೇಂದ್ರದ ಸೀಲು ಒತ್ತಿದೆ. ತಾಯಿ ಓದಿದರು. "ನಿರಪರಾಧಿ ಎಂಬ ಪದವೇ ಇಲ್ಲವಲ್ಲ ಫಾದರ್" ಎಂದರು. ಇಲ್ಲವೆಂದೆ. ಅವರು ಅಸಮಾಧಾನದಿಂದಲೇ ಪತ್ರವನ್ನು ಮಡಚಿಕೊಂಡು ಹೋದರು.

ಗೆಳೆಯನು ನಾಲ್ಕು ದಿನ ತೆಗೆದುಕೊಂಡ. ಐದನೆಯ ದಿನ ಇಬ್ಬರೂ ಕೂಡಿ ಜಾಲದ ಕಚೇರಿಗೆ ಹೋದರು. ಮೇಜಿನ ಆಚೆ ಕುಳಿತಿದ್ದವನು ಅವರದೇ ವಯಸ್ಸಿನ ಹುಡುಗ. ಒಬ್ಬನ ಸಂಪರ್ಕ ಕೆಲವು ವಾರಗಳ ನಂತರ ಮರಳಿತು, ಇನ್ನೊಬ್ಬನದು ಇನ್ನೂ ತಡವಾಗಿ. ವಕೀಲರಿಗೆ ಕೊಡಬೇಕಾದ ಹಣದಲ್ಲಿ ಹೆಚ್ಚಿನ ಪಾಲನ್ನು ಗೆಳೆಯನು ಕಂತುಗಳಲ್ಲಿ ತೀರಿಸುತ್ತಿದ್ದಾನೆ. ಒಂದು ಸಣ್ಣ ಪಾಲನ್ನು ನಮ್ಮ ಹುಡುಗನೇ ಕೊಡುತ್ತೇನೆಂದು ಹಟ ಹಿಡಿದನಂತೆ. ತಾಯಿಗೆ ಅದು ಇಂದಿಗೂ ಅರ್ಥವಾಗಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಒಂದು ಚೀಲ ಕಾಳುಮೆಣಸು ತಂದುಕೊಟ್ಟು ಅದನ್ನೂ ಹೇಳಿದರು, ಇನ್ನೊಂದನ್ನೂ ಹೇಳಿದರು. ಅವನ ಹೊಸ ಪಾಸ್‌ವರ್ಡ್ ಏನೆಂದು ಕೇಳಿದರೆ ಹೆತ್ತ ತಾಯಿಗೂ ಹೇಳಲೊಲ್ಲನಂತೆ.